ನಮ್ಮ ಓವನ್ನಿನಲ್ಲಿದ್ದ ನಾಲ್ಕು ಮೊಟ್ಟೆಗಳು

ಓವನ್ನಿನ ಬಾಗಿಲು ತೆರೆಯುವ ಮುನ್ನ ಅದರ ಗಾಜಿನ ಮೇಲೆ ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟುವ ಅಭ್ಯಾಸವೊಂದು ನನಗಿದೆ. ನಮ್ಮ ಮನೆಯಲ್ಲಿ ಇದನ್ನು ಈಗ ಯಾರೂ ಗಮನಿಸುವುದಿಲ್ಲ. ನೋಡಿ ನೋಡಿ ಸಾಕಾಗಿ ಬಿಟ್ಟುಬಿಟ್ಟಿದ್ದಾರೆ. ಆದರೆ ಈಚೆಗೆ ಮಂಗಳೂರಿನಲ್ಲಿ ಬಂಧುಗಳೊಬ್ಬರ ಮನೆಗೆ ಹೋಗಿದ್ದಾಗ ಆ ಮನೆಯ ಸೊಸೆ, "ಮಾವ, ಆ ಓವನ್ನಿನಿಂದ ಸ್ವಲ್ಪ ತಟ್ಟೆ ತೆಗೆದುಕೊಡ್ತೀರಾ?" ಎಂದಳು. ನಾನು ಎದ್ದು ಹೋದೆ, ತಟ್ಟಿದೆ, ಕ್ಷಣ ಕಾದೆ, ಬಳಿಕ ಬಾಗಿಲು ತೆರೆದೆ.

"ಒಳಗೆ ಯಾರಿದ್ದಾರೆ ಮಾವ?"

ನನ್ನ ಹೆಂಡತಿ ಸುಮತಿ ಕುಳಿತಲ್ಲಿಂದಲೇ ಉತ್ತರಿಸಿದಳು: "ಈಗ ಯಾರೂ ಇಲ್ಲ. ಒಂದು ಕಾಲದಲ್ಲಿ ಅದು ಬಾಣಂತಿ ಕೋಣೆ ಆಗಿತ್ತು."

ಆ ಹುಡುಗಿಯ ಮುಖ ನೋಡಿ ನನಗೆ ಕನಿಕರವಾಯಿತು. ಅಂದು ಅವಳಿಗೆ ಅರ್ಧ ಹೇಳಿ ಬಿಟ್ಟದ್ದನ್ನು ಇಲ್ಲಿ ಪೂರ್ತಿ ಹೇಳುವ ಪ್ರಯತ್ನ ಮಾಡುತ್ತೇನೆ. ಓದುಗರು ನನ್ನ ಒಂದು ದೋಷವನ್ನು ಮೊದಲೇ ಮನ್ನಿಸಬೇಕು. ನನ್ನ ವೃತ್ತಿಜೀವನವೆಲ್ಲ ಹಳೆಯ ಹಡಗುಗಳ ಮೇಲೆ ಕಳೆಯಿತು. ಹಡಗುಗಳ ಮೇಲೆಂದರೆ ಅವುಗಳ ಕಾಗದಪತ್ರಗಳ ಮೇಲೆ. ನಿಜವಾದ ಹಡಗು ಹತ್ತಿದರೆ ನನಗೆ ತಲೆ ಸುತ್ತುತ್ತದೆ. ಮಂಗಳೂರಿನ ಅಕ್ಕಿ ಹೇರಿಕೊಂಡು ಹೊರಟ ಹಡಗು ಮಸ್ಕತ್ತನ್ನು ಯಾವಾಗ ತಲುಪಿತು ಎಂಬುದನ್ನು ಎರಡು ಮೂರು ಆಧಾರಗಳಿಂದ ತಾಳೆ ನೋಡದೆ ಬರೆಯಬಾರದೆಂಬುದು ನಮ್ಮ ಕಸುಬಿನ ಶಿಸ್ತು. ನಿವೃತ್ತಿಯ ನಂತರ ಆ ಶಿಸ್ತು ರೋಗವಾಗಿ ಉಳಿದುಕೊಂಡಿದೆ. ಸುಮತಿ ನಿನ್ನೆ ಬದನೆಕಾಯಿ ಹುಳಿ ಮಾಡಿದ್ದಳೆಂದರೂ ನಾನು ಕಸದ ಬುಟ್ಟಿಯಲ್ಲಿ ತೊಟ್ಟುಗಳಿವೆಯೇ ಎಂದು ನೋಡುವವನು.

ಹಾಗಾಗಿ ಮೊದಲು ವರ್ಷ ನಿಶ್ಚಯಿಸೋಣ. ಈ ಸಂಗತಿ ನಡೆದದ್ದು ಎಂಬತ್ತೊಂಬತ್ತರಲ್ಲಿ ಎಂದು ನಮ್ಮ ಹಳೆಯ ನೆರೆಯವರಾದ ವಿಲ್ಫಿಯವರ ವಾದ. ಅದು ಸಾಧುವಲ್ಲ. ನಾನು ಮೊಟ್ಟೆಗಳ ವಿಷಯ ತಿಳಿದ ಮಧ್ಯಾಹ್ನ ರಂಜಾನ್ ಉಪವಾಸದ ಕಾರಣ ಕಚೇರಿ ಬೇಗ ಮುಚ್ಚಿತ್ತು, ಮತ್ತು ಆ ವರ್ಷ ರಂಜಾನ್ ಆರಂಭವಾದದ್ದು ಮಾರ್ಚ್ ಕೊನೆಗೆ. ಅದಾದ ಮೇಲಿನ ಆಗಸ್ಟಿನಲ್ಲಿ ಕುವೈತಿನ ಗಲಭೆ ಶುರುವಾಗಿ ಊರಿನಿಂದ ಗಾಬರಿಯ ಫೋನುಗಳು ಬಂದಾಗ ಅದೇ ಮೇಯಲ್ಲಿ ಹುಟ್ಟಿದ ನಮ್ಮ ಮಗಳಿಗೆ ಕತ್ತು ನಿಂತಿತ್ತು. ಆದ್ದರಿಂದ ಅದು ತೊಂಬತ್ತು. ವಿಲ್ಫಿ ಈಗಲೂ ಒಪ್ಪುವುದಿಲ್ಲ. ಆದರೆ ಅವರು ತಮ್ಮ ಮದುವೆಯ ವರ್ಷವನ್ನೂ ತಪ್ಪು ಹೇಳಿ ಹೆಂಡತಿಯಿಂದ ಬೈಸಿಕೊಂಡವರು.

ನಾವಿದ್ದದ್ದು ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ, ಎರಡು ಅಂತಸ್ತಿನ ಒಂದು ಮನೆಯ ಕೆಳಭಾಗದಲ್ಲಿ. ಹಿಂದೆ ಅಂಗೈಯಗಲದ ಅಂಗಳ. ಅದರಲ್ಲಿ ಒಂದು ಕರಿಬೇವು, ಒಂದಿಷ್ಟು ಬಸಳೆ ಚಪ್ಪರ, ಒಂದು ತುಳಸಿ ಪಾತಿ. ಕೆಲಸಕ್ಕಾಗಿ ನಾನು ಪ್ರತಿದಿನ ಅಲ್ ಖೌದ್ ಕಡೆಗೆ ಹೋಗಿಬರುತ್ತಿದ್ದೆ. ಮೇಲಿನ ಮಹಡಿಯಲ್ಲಿ ವಿಲ್ಫಿ ಮತ್ತು ಗ್ಲ್ಯಾಡಿಸ್ ಬಾಯಿ, ಉಡುಪಿ ಕಡೆಯ ಕೊಂಕಣಿ ದಂಪತಿ. ವಿಲ್ಫಿಗೆ ಖಸಬ್ ಬಂದರಿನ ಸರಕು ಕಚೇರಿಯಲ್ಲಿ ಕೆಲಸ. ತಿಂಗಳಿಗೊಮ್ಮೆ ಸಣ್ಣ ವಿಮಾನದಲ್ಲಿ ಮನೆಗೆ ಬರುತ್ತಿದ್ದರು. ಗ್ಲ್ಯಾಡಿಸ್ ಬಾಯಿ ಮನೆಯಲ್ಲಿಯೇ ಕೇಕ್ ಮಾಡಿ ಪರಿಚಯದವರಿಗೆ ಕೊಡುತ್ತಿದ್ದರು. ಅವರ ಮನೆಯ ಬೆಣ್ಣೆಯ ಪರಿಮಳ ಮೆಟ್ಟಿಲಿಳಿದು ನಮ್ಮ ಸಾರಿನ ಒಗ್ಗರಣೆಯೊಂದಿಗೆ ಬೆರೆಯುವುದು ನಮಗೆ ಅಭ್ಯಾಸವಾಗಿತ್ತು.

ಖಸಬ್ ಬಂದರಿಗೆ ಎದುರು ದಡದ ಇರಾನಿನಿಂದ ಸಣ್ಣ ದೋಣಿಗಳಲ್ಲಿ ಆಡುಗಳು ಬರುತ್ತಿದ್ದವು. ಹಾಗೆ ಬಂದ ಒಂದು ದೋಣಿಯಲ್ಲಿ, ಆಡುಗಳ ಮೇವಿನ ನಡುವೆ, ಎರಡು ನೆಲದ ಆಮೆಗಳು ಸಿಕ್ಕವಂತೆ. ದೋಣಿಯವರು ನಕ್ಕು ವಿಲ್ಫಿಯ ಕೈಗಿತ್ತರು. ವಿಲ್ಫಿ ಅವುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದು ನೇರವಾಗಿ ನಮ್ಮ ಬಾಗಿಲಿಗೆ ಬಂದರು.

"ಭಟ್ರೇ, ಇದು ನಿಮಗೆ."

"ನಮಗೆ ಯಾಕೆ ವಿಲ್ಫಿ? ತಂದದ್ದು ನೀವು."

"ನಮ್ಮದು ಮೀನಿನ ಮನೆ ಮಾರಾಯ್ರೆ. ಇದು ಸೊಪ್ಪು ಬಿಟ್ರೆ ಬೇರೆ ಮುಟ್ಟುವುದಿಲ್ಲ. ನಿಮ್ಮಷ್ಟು ಮಡಿ ಇದಕ್ಕೂ ಉಂಟು. ಜಾತಿಯವರ ಮನೆಯಲ್ಲಿ ಇರ್ಲಿ."

ಮನೆಗೊಂದರಂತೆ ಹೆಸರಿಡುವುದೆಂದು ಒಪ್ಪಂದವಾಯಿತು. ಗಂಡಿಗೆ ಸುಮತಿ ಕೂರ್ಮ ಭಟ್ಟ ಎಂದಳು. ಹೆಣ್ಣಿಗೆ ಗ್ಲ್ಯಾಡಿಸ್ ಬಾಯಿ ಲಿಲ್ಲಿ ಬಾಯಿ ಎಂದರು. ಈ ಸಂಬಂಧಕ್ಕೆ ಎರಡೂ ಕಡೆಯ ಹಿರಿಯರ ಒಪ್ಪಿಗೆ ಇರಲಿಲ್ಲವಾದರೂ ಸಂಸಾರ ಸುಖವಾಗಿಯೇ ಸಾಗಿತು. ಕೂರ್ಮ ಭಟ್ಟ ಪ್ರೀತಿ ಬಂದಾಗ ಲಿಲ್ಲಿ ಬಾಯಿಯ ಬೆನ್ನ ಚಿಪ್ಪಿಗೆ ತನ್ನ ಚಿಪ್ಪಿನಿಂದ ಟಕ್ ಟಕ್ ಎಂದು ಡಿಕ್ಕಿ ಹೊಡೆಯುತ್ತಿದ್ದ. ಭಾನುವಾರದ ಅತಿಥಿಗಳು, ಅಲ್ಲ, ತಿದ್ದುತ್ತೇನೆ, ಆಗ ನಮ್ಮ ವಾರದ ರಜೆ ಗುರುವಾರ ಶುಕ್ರವಾರ. ಶುಕ್ರವಾರದ ಅತಿಥಿಗಳು ಆ ಸದ್ದು ಕೇಳಿ, ಹಿಂದೆ ಯಾರೋ ತೆಂಗಿನಕಾಯಿ ಒಡೆಯುತ್ತಿದ್ದಾರೆಂದು ತಿಳಿಯುತ್ತಿದ್ದರು.

ನನಗೆ ಆಮೆಯ ಪರಿಚಯ ಹೊಸದಲ್ಲ. ಹುಡುಗನಾಗಿದ್ದಾಗ ನಮ್ಮ ಮನೆಯ ಬಾವಿಯಲ್ಲಿ ಒಂದು ಆಮೆಯಿತ್ತು. ನೀರು ಶುದ್ಧವಾಗಿರಲೆಂದು ಹಿಂದಿನವರಾರೋ ಬಿಟ್ಟದ್ದು. ಕೆಲವೊಮ್ಮೆ ಅದು ಕೊಡಪಾನದೊಳಗೆ ಕುಳಿತು ಮೇಲೆ ಬಂದುಬಿಡುತ್ತಿತ್ತು. ಕೊಡಪಾನ ಏಕೆ ಇಷ್ಟು ಭಾರವೆಂದು ಹಗ್ಗ ಜಗ್ಗಿ ಜಗ್ಗಿ ಅಂಗೈ ಕೆಂಪಾದ ಮೇಲೆ, ನೀರಿನೊಳಗಿಂದ ಒಂದು ಮುದಿ ಮುಖ ನನ್ನನ್ನು ನೋಡುತ್ತಿತ್ತು. ಅದನ್ನು ಹಾಗೇ ಎಸೆಯುವಂತಿರಲಿಲ್ಲ. ಕೊಡಪಾನವನ್ನು ಮತ್ತೆ ತಳದವರೆಗೂ ಇಳಿಸಿ, ಅದು ತಾನಾಗಿ ಹೊರಬರುವವರೆಗೆ ಕಾಯಬೇಕೆಂಬುದು ಅಮ್ಮನ ಆಜ್ಞೆ. ನಾನು ಶಾಲೆಗೆ ತಡವಾಗಿ ಹೋಗಿ ಬಾವಿಯ ಆಮೆ ಕಾರಣವೆಂದರೆ ಮಾಸ್ತರರು ನಂಬುತ್ತಿರಲಿಲ್ಲ. ಸಾಕ್ಷ್ಯಾಧಾರಗಳ ಮಹತ್ವ ನನಗೆ ಮನವರಿಕೆಯಾದದ್ದು ಬಹುಶಃ ಆಗಲೇ.

ಆ ಅಮ್ಮನೇ ತೊಂಬತ್ತರ ಫೆಬ್ರವರಿಯಲ್ಲಿ ಮಸ್ಕತ್ತಿಗೆ ಬಂದರು. ಮದುವೆಯಾಗಿ ಬಹುಕಾಲದ ಮೇಲೆ ಸುಮತಿ ಬಸುರಿಯಾಗಿದ್ದಳು. ಅವಳ ತಾಯಿ ಇಲ್ಲ. ಬಾಣಂತನಕ್ಕೆ ಅಮ್ಮನಲ್ಲದೆ ಬೇರೆ ಗತಿಯಿರಲಿಲ್ಲ. ಇದ್ದರೂ ನಾವು ಬೇರೆಯವರನ್ನು ಕರೆಯುತ್ತಿರಲಿಲ್ಲ. ಊರಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಹಸುಗೂಸನ್ನು ಮೀಯಿಸಲು ಅಮ್ಮನಿಗೆ ಕರೆ ಬರುತ್ತಿತ್ತು. ಚಾಚಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಕೈಕಾಲು ನೀವಿ, ಮೂಗು ತೀಡಿ ಅವರು ನೀರೆರೆಯುವುದನ್ನು ನೋಡಲು ಬಾಗಿಲಲ್ಲಿ ಹೆಂಗಸರು ಗುಂಪುಗೂಡುತ್ತಿದ್ದರು. ಅಮ್ಮನ ಕೈ ತಾಗಿದರೆ ಮಗು ಅಳು ನಿಲ್ಲಿಸುತ್ತದೆ ಎಂಬ ಮಾತಿತ್ತು.

ಆದರೆ ಬಂದ ಅಮ್ಮ ಆ ಅಮ್ಮನಾಗಿರಲಿಲ್ಲ. ಅಪ್ಪ ತೀರಿಕೊಂಡು ವರ್ಷಾಂತಿಕ ಮುಗಿದಿತ್ತಷ್ಟೆ. ಕೊನೆಯ ದಿನ ಅಮ್ಮನೇ ಅವರಿಗೆ ಗಂಜಿ ಕುಡಿಸಿದ್ದರು. ಎರಡನೆಯ ಚಮಚ ಗಂಟಲಿಗಿಳಿಯಲಿಲ್ಲ. ಅಂದಿನಿಂದ ತಮ್ಮ ಕೈಯಲ್ಲಿ ಒಳ್ಳೆಯದು ಉಳಿದಿಲ್ಲವೆಂಬ ಒಂದು ತೀರ್ಮಾನಕ್ಕೆ ಅವರು ಬಂದಿದ್ದರು. ಸುಮತಿಗೆ ಬಳೆ ತೊಡಿಸುವ ದಿನ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಹೂ ಮುಡಿಸಿರೆಂದು ಸುಮತಿ ತಲೆ ಬಗ್ಗಿಸಿ ನಿಂತರೆ, "ಮೇಜಿನ ಮೇಲೆ ಉಂಟು, ನೀನೇ ಮುಡ್ಕೋ" ಎನ್ನುತ್ತಿದ್ದರು. ಒಂದು ಸಂಜೆ ನನ್ನನ್ನು ಕರೆದು ಸ್ಪಷ್ಟವಾಗಿಯೇ ಹೇಳಿದರು:

"ನಾನು ಬಂದದ್ದು ಅಡಿಗೆಗೆ. ಸುಮತಿಗೆ ಪಥ್ಯ ಮಾಡಿ ಹಾಕ್ತೇನೆ, ಬಟ್ಟೆ ಒಗೀತೇನೆ. ಮಗುವನ್ನು ಮೀಯಿಸ್ಲಿಕ್ಕೆ ಬೇರೆ ಯಾರನ್ನಾದ್ರೂ ನೋಡು ಮಗಾ. ನನ್ನ ಕೈ ಬೇಡ."

ನಾನು ಕೆಲವು ತರ್ಕಬದ್ಧ ಮಾತುಗಳನ್ನಾಡಿದೆ. ಅವು ಎಷ್ಟು ತರ್ಕಬದ್ಧವಾಗಿದ್ದವೆಂದರೆ ಅಮ್ಮ ಮಧ್ಯದಲ್ಲಿಯೇ ಎದ್ದು ಹಾಲು ಕಾಯಿಸಲು ಹೋದರು.

ಸುಮತಿ ಮಾತ್ರ ಅಂದು ಅಳುತ್ತ ಹೇಳಿದಳು: "ಬೇರೆ ಯಾರು ಮುಟ್ಟುವುದೂ ಬೇಡ. ನನ್ನ ಮಗುವಿಗೆ ಅತ್ತೆಯ ಕೈಯೇ ಬೇಕು."

ಮನೆಯ ಸ್ಥಿತಿ ಹೀಗಿರುವಾಗ ಲಿಲ್ಲಿ ಬಾಯಿ ಮೊಟ್ಟೆಯಿಡಲು ನಿಶ್ಚಯಿಸಿದಳು. ಅಂಗಳದ ಮೂಲೆಗಳನ್ನೆಲ್ಲ ಮೂಸಿ ನೋಡಿ, ಯಾವುದೂ ಹಿಡಿಸದೆ, ಕೊನೆಗೆ ತುಳಸಿ ಪಾತಿಯನ್ನು ಹತ್ತಿ ಹಿಂಗಾಲುಗಳಿಂದ ಗುಂಡಿ ತೋಡತೊಡಗಿದಳು. ಹಿಂದಿನ ವರ್ಷದ ಮೊಟ್ಟೆಗಳನ್ನು ನಾವು ಮಣ್ಣಿನಲ್ಲಿಯೇ ಬಿಟ್ಟು ಇರುವೆಗಳ ಪಾಲು ಮಾಡಿದ್ದೆವು. ಈ ಸಲ ಹಾಗಾಗಬಾರದೆಂದು ನಾನು ಗ್ರಂಥಾಲಯದಿಂದ ಸರೀಸೃಪಗಳ ಕುರಿತ ಒಂದು ಪುಸ್ತಕವನ್ನು ಮೊದಲೇ ತಂದು ಓದಿದ್ದೆ. ಅದರ ಪ್ರಕಾರ ಮೊಟ್ಟೆಗಳಿಗೆ ಹಗಲೂ ರಾತ್ರಿ ಒಂದೇ ಹದದ ಶಾಖ ಬೇಕು. ಎಸಿ ಓಡುವ ಮನೆಯಲ್ಲಿ ಅಂತಹ ಜಾಗವೆಲ್ಲಿ?

ಒಂದೇ ಒಂದಿತ್ತು. ಕೊಲ್ಲಿಯ ನಾಡಿನಲ್ಲಿ ಸಂಸಾರ ಮಾಡಿದ ನಮ್ಮ ಕಡೆಯ ಹೆಂಗಸರಿಗೆಲ್ಲ ಇದು ಗೊತ್ತು: ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬಾರದಿದ್ದರೆ ಪಾತ್ರೆಯನ್ನು ಓವನ್ನಿನೊಳಗಿಟ್ಟು, ಓವನ್ ಹಚ್ಚದೆ, ಅದರ ದೀಪವನ್ನು ಮಾತ್ರ ಉರಿಯಲು ಬಿಡುತ್ತಾರೆ. ಸಣ್ಣ ದೀಪದ ಶಾಖಕ್ಕೆ ಬೆಳಗಾಗುವಷ್ಟರಲ್ಲಿ ಹಿಟ್ಟು ಉಬ್ಬಿರುತ್ತದೆ. ನಮ್ಮ ಓವನ್ನು ಆ ಕೆಲಸ ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ. ಉಷ್ಣಮಾಪಕ ಇಟ್ಟು ನೋಡಿದೆ. ಬಾಗಿಲನ್ನು ಒಂದಿಷ್ಟು ಸಂದು ಬಿಟ್ಟು ತೆರೆದಿಟ್ಟರೆ ಪುಸ್ತಕ ಕೇಳಿದ ಹದವೇ.

ಸಮಸ್ಯೆಯೆಂದರೆ, ತಲೆಮಾರುಗಳಿಂದ ಮೊಟ್ಟೆ ಹೊಗದ ಅಡಿಗೆಮನೆ ಅದು, ಮತ್ತು ಅಲ್ಲಿ ಅಮ್ಮನಿದ್ದರು. ನಾನು ಐಸ್‌ಕ್ರೀಮ್ ಡಬ್ಬದಲ್ಲಿ ಮರಳು ಹಾಸಿ, ನಾಲ್ಕು ಬಿಳಿಯ ಮೊಟ್ಟೆಗಳನ್ನು ಅರ್ಧ ಹೂತಿಟ್ಟು, ಅಪರಾಧಿಯಂತೆ ಒಳಗೆ ಬಂದೆ. ಅಮ್ಮ ಡಬ್ಬವನ್ನು ಬಹಳ ಹೊತ್ತು ನೋಡಿದರು.

"ಎಲ್ಲಿ ಇಟ್ಟದ್ದು ಅದು?"

"ತುಳಸಿ ಬುಡದಲ್ಲಿ ಅಮ್ಮ."

"ತುಳಸಿ ಬುಡದಲ್ಲಾ?" ಅಮ್ಮ ಸ್ವಲ್ಪ ಯೋಚಿಸಿದರು. "ಹಾಗಾದ್ರೆ ಅದಕ್ಕೆ ಎಂತ ಮೈಲಿಗೆ? ಒಳಗೆ ಇಡು. ಹಿಟ್ಟು ಮಾತ್ರ ಅದರ ಜೊತೆ ಬೇಡ."

ಧರ್ಮಶಾಸ್ತ್ರದ ಇಂಥ ಸೂಕ್ಷ್ಮ ನಿರ್ಣಯವನ್ನು ನಾನು ಯಾವ ಪಂಡಿತರ ಬಾಯಲ್ಲೂ ಕೇಳಿಲ್ಲ. ಹಿಟ್ಟಿಗೆ ಬೇರೆ ಓವನ್ ಬೇಕಾಯಿತು. ಇದ್ದದ್ದು ಮೇಲಿನ ಮಹಡಿಯಲ್ಲಿ. ಹೀಗೆ ಭಟ್ಟರ ಓವನ್ನಿನಲ್ಲಿ ಮೊಟ್ಟೆಗಳೂ, ಮೊಟ್ಟೆಯ ಕೇಕ್ ಬೇಯುವ ಗ್ಲ್ಯಾಡಿಸ್ ಬಾಯಿಯ ಓವನ್ನಿನಲ್ಲಿ ಭಟ್ಟರ ದೋಸೆ ಹಿಟ್ಟೂ ವಾಸಿಸತೊಡಗಿದವು. ಸುಮತಿ ಪಾತ್ರೆ ಹಿಡಿದು ಮೆಟ್ಟಿಲು ಹತ್ತುವಾಗ ಅಮ್ಮ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಬೆಳಿಗ್ಗೆ ದೋಸೆ ತಿನ್ನುತ್ತ, "ಈ ಊರಿನಲ್ಲಿ ಹಿಟ್ಟು ಒಳ್ಳೆ ಹುಳಿ ಬರ್ತದೆ" ಎಂದಷ್ಟೇ ಹೇಳುತ್ತಿದ್ದರು.

ಬಾಗಿಲು ತಟ್ಟುವ ಪದ್ಧತಿ ತಂದದ್ದೂ ಅವರೇ. ನಾನು ಉಷ್ಣಮಾಪಕ ನೋಡಲು ದಡಕ್ಕನೆ ಓವನ್ ತೆರೆದಾಗ ಗದರಿದರು: "ಅದು ಹೆರಿಗೆ ಮನೆ. ಗಂಡಸ್ರು ಹಾಗೆ ನುಗ್ಗುದಾ? ತಟ್ಟಿ ತೆಗಿ." ಅಂದಿನಿಂದ ತಟ್ಟಿದೆ. ಇಂದೂ ತಟ್ಟುತ್ತೇನೆ.

ಪುಸ್ತಕ ಇನ್ನೊಂದು ಎಚ್ಚರಿಕೆ ಕೊಟ್ಟಿತ್ತು. ಕೋಳಿಮೊಟ್ಟೆಯಂತೆ ಆಮೆಯ ಮೊಟ್ಟೆಯನ್ನು ಮಗುಚಬಾರದು. ಒಳಗಿನ ಜೀವ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಂಡು ಬೆಳೆಯುತ್ತದೆ. ತಲೆಕೆಳಗಾದರೆ ಉಳಿಯುವುದು ಕಷ್ಟ. ಅದಕ್ಕಾಗಿ ನಾನು ನಾಲ್ಕರ ನೆತ್ತಿಗೂ ಪೆನ್ಸಿಲಿನಿಂದ ಒಂದೊಂದು ಗೀಟು ಹಾಕಿದ್ದೆ. ಸುಮತಿಗೆ ವಿವರಿಸಿದ್ದೆ. ಅಮ್ಮ ಮೊಟ್ಟೆಯನ್ನು ಮುಟ್ಟುವ ಸಂಭವವೇ ಇಲ್ಲವಾದ್ದರಿಂದ ಅವರಿಗೆ ಹೇಳುವ ಪ್ರಸಂಗ ಬಂದಿರಲಿಲ್ಲ.

ರಂಜಾನಿನ ಆ ಮಧ್ಯಾಹ್ನ ಬೇಗ ಮನೆಗೆ ಬಂದವನು ಓವನ್ ತಟ್ಟಿ ತೆರೆದೆ. ಗೀಟುಗಳು ಕಾಣಲಿಲ್ಲ. ಮೊದಲು ಕನ್ನಡಕ ಒರೆಸಿಕೊಂಡೆ. ಬಳಿಕ ಒಂದು ಮೊಟ್ಟೆಯನ್ನು ಬೆರಳಿನಿಂದ ಸರಿಸಿದೆ. ಗೀಟು ಅಡಿಯಲ್ಲಿತ್ತು. ನಾಲ್ಕರದೂ.

"ಸುಮತಿ! ಇದನ್ನು ಮುಟ್ಟಿದ್ದು ಯಾರು?"

ಅವಳು ಬರುವ ಮೊದಲೇ ಹಿಂದಿನಿಂದ ಅಮ್ಮನ ಧ್ವನಿ ಕೇಳಿಸಿತು. ಅದರಲ್ಲಿ ಬಹುದಿನಗಳಿಂದ ನಾನು ಕೇಳದಿದ್ದ ಒಂದು ಉತ್ಸಾಹವಿತ್ತು.

"ನಾನೇ ಮಗಾ. ದಿನಾ ಸ್ನಾನ ಆದ ಮೇಲೆ ಒಂದು ಸಲ ಮಗುಚಿ ಇಡ್ತೇನೆ. ತಾಯಿಕೋಳಿ ಹಾಗೆ ಮಾಡ್ತದಂತೆ, ಗ್ಲ್ಯಾಡಿಸ್ ಹೇಳಿದ್ದು. ಇವಕ್ಕೆ ತಾಯಿ ಕೂತು ನೋಡುವ ಕ್ರಮ ಇಲ್ಲ, ಪಾಪ. ಯಾರಾದ್ರೂ ಮಾಡ್ಬೇಕಲ್ಲ?" ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತ ಮುಂದುವರಿಸಿದರು: "ಈ ಕೈಯಲ್ಲಿ ಇನ್ನೂ ಎಂತಾದ್ರೂ ಉಳಿದಿದೆಯಾ ನೋಡುವ ಅಂತ. ಇವು ಮರಿ ಆದ್ರೆ ಆಮೇಲೆ ಸುಮತಿಯ ಮಗುವನ್ನು ಮುಟ್ತೇನೆ. ಆಗದಿದ್ರೆ ನನ್ನನ್ನು ಕೇಳ್ಬೇಡಿ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಂದು ನಿಂತಿದ್ದ ಸುಮತಿ ನನ್ನ ಪಾದವನ್ನು ಬಲವಾಗಿ ತುಳಿದಳು. ಏಳು ತಿಂಗಳ ಬಸುರಿಯ ತುಳಿತ ಸಾಮಾನ್ಯವಲ್ಲ. ನಾನು ಬಾಯಿ ಮುಚ್ಚಿದೆ.

ಮೇಲಿನ ಮಹಡಿಗೆ ಹೋಗಿ ಹೇಳಿದಾಗ ಗ್ಲ್ಯಾಡಿಸ್ ಬಾಯಿ ಕುರ್ಚಿಯಲ್ಲಿ ಕುಸಿದರು.

"ಸಾಯ್ಬಾ, ನನ್ನ ದೇವರೇ! ನಾನು ಹೇಳಿದ್ದು ನಮ್ಮ ಮನೆಯ ಕೋಳಿದು! ಅಮ್ಮ ಕೇಳಿದ್ರು, ಹೇಳಿದೆ. ಆಮೆದು ಬೇರೆ ಅಂತ ನನಗೆ ಹೇಗೆ ಗೊತ್ತು ಭಟ್ರೇ?"

"ಈಗ ಅದನ್ನು ನಿಲ್ಲಿಸುವುದು ಹೇಗೆ? ತಪ್ಪೆಂದು ಹೇಳಿದರೆ ಅಮ್ಮ ಇನ್ನಷ್ಟು ಕುಗ್ಗಿ ಹೋಗುತ್ತಾರೆ."

ಗ್ಲ್ಯಾಡಿಸ್ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಕೆಳಗಿಳಿದರು. ಒಂದು ಸುಳ್ಳಿಗೆ ಅವರು ಮಾಡಿದ ಸಿದ್ಧತೆ ಅದು.

"ಅಮ್ಮಾ, ಒಂದು ಹೇಳ್ಲಿಕ್ಕೆ ಮರ್ತಿದ್ದೆ. ತಾಯಿಕೋಳಿ ಕೊನೆಗೆ ಮಗುಚುದು ನಿಲ್ಲಿಸ್ತದೆ. ಇನ್ನು ದೇವರು ನೋಡ್ಕೊಳ್ಳಲಿ ಅಂತ ಬಿಟ್ಟುಬಿಡ್ತದೆ."

"ಎಷ್ಟು ದಿನ ಮೊದಲು ಬಿಡ್ತದೆ?"

"ಅದು... ಕೋಳಿ ಕೋಳಿಗೆ ಬೇರೆ ಅಮ್ಮ. ನೀವು ಮಗುಚಿದ್ದು ಧಾರಾಳ ಆಯ್ತು. ಖಲಾಸ್. ಇನ್ನು ಮುಟ್ಬೇಡಿ."

ಅಮ್ಮ ಒಪ್ಪಿದರು. ಮುಟ್ಟುವುದನ್ನು ಬಿಟ್ಟು ಓವನ್ನಿನ ಎದುರು ಮಣೆ ಹಾಕಿ ಕುಳಿತು ವಿಷ್ಣುಸಹಸ್ರನಾಮ ಹೇಳತೊಡಗಿದರು. ನಾನು ಗೀಟುಗಳನ್ನು ಮೆಲ್ಲನೆ ಮೇಲಕ್ಕೆ ತಂದಿಟ್ಟೆ. ಅದು ಇನ್ನೊಂದು ಮಗುಚುವಿಕೆಯೇ ಅಲ್ಲವೆ ಎಂಬ ಸಂದೇಹ ನನ್ನನ್ನು ಬಹುದಿನ ಕಾಡಿತು.

ಖಸಬ್‌ನಿಂದ ವಿಲ್ಫಿ ಫೋನಿನಲ್ಲಿ ಸುಲಭದ ದಾರಿ ಸೂಚಿಸಿದರು. "ಭಟ್ರೇ, ಎಂತ ಟೆನ್ಶನ್ ಮಾಡ್ತೀರಿ? ದೋಣಿಯವನಿಗೆ ಹೇಳಿ ಒಂದು ಸಣ್ಣ ಮರಿ ತರಿಸ್ತೇನೆ. ಡಬ್ಬದಲ್ಲಿ ಇಟ್ಟುಬಿಡಿ. ಅಮ್ಮನಿಗೂ ಖುಷಿ, ನಿಮಗೂ ಖುಷಿ. ಯಲ್ಲಾ, ನಡೀರಿ!"

ನಕಲಿ ದಾಖಲೆಗಳನ್ನು ಪತ್ತೆಹಚ್ಚುವುದರಲ್ಲಿ ಒಂದಿಷ್ಟು ಹೆಸರು ಗಳಿಸಿದ ನಾನು ಆ ನಕಲಿ ಮರಿಯ ವಿಷಯದಲ್ಲಿ ಎಷ್ಟು ದಿನ ಡೋಲಾಯಮಾನನಾಗಿದ್ದೆನೆಂದು ಇಲ್ಲಿ ಹೇಳದಿರುವುದೇ ಮೇಲು. ತಡೆದದ್ದು ಸುಮತಿ. "ಅತ್ತೆ ಎಷ್ಟೊಂದು ಎಳೆ ಮಕ್ಕಳನ್ನು ಎತ್ತಿದವರು. ಈಗ ಹುಟ್ಟಿದ್ದು ಯಾವುದು, ವಾರ ಕಳೆದದ್ದು ಯಾವುದು ಅಂತ ಅವರಿಗೆ ಗೊತ್ತಾಗುವುದಿಲ್ಲವಾ? ಸುಮ್ಮನಿರಿ" ಎಂದಳು.

ಈದ್ ಕಳೆಯಿತು. ಮೇ ತಿಂಗಳ ಬಿಸಿಲಿಗೆ ಬಸಳೆ ಬಾಡಿತು. ಅಮ್ಮನ ವೀಸಾವನ್ನು ಮುಂದುವರಿಸಿದ್ದಾಯಿತು. ಸುಮತಿ ಕುಳಿತರೆ ಏಳಲು ಎರಡು ಕೈ ಬೇಕಾಗುವಂತಾದಳು. ಮೊಟ್ಟೆಗಳು ಮಾತ್ರ ಹೇಗಿದ್ದವೋ ಹಾಗೆ ಇದ್ದವು. ನಾನು ಮಗು ಮೀಯಿಸುವವರ ಕುರಿತು ನಾಲ್ಕಾರು ಕಡೆ ವಿಚಾರಿಸಿಯೂ ಇಟ್ಟೆ, ಸುಮತಿಗೆ ತಿಳಿಸಲಿಲ್ಲ.

ಒಂದು ಗುರುವಾರ ಊಟ ಮುಗಿಸಿ ಪತ್ರಿಕೆ ಹಿಡಿದಿದ್ದೆ. ಅಡಿಗೆಮನೆಯಿಂದ ಸಹಸ್ರನಾಮ ಥಟ್ಟನೆ ನಿಂತಿತು.

"ಮಗಾ. ಒಳಗೆ ಕೆರೆಯುವ ಶಬ್ದ ಉಂಟು."

ಓಡಿದೆ. ತಟ್ಟಿದೆನೋ ಇಲ್ಲವೋ ನೆನಪಿಲ್ಲ. ಒಂದು ಮೊಟ್ಟೆಯ ಬದಿಯಲ್ಲಿ ನಕ್ಷತ್ರದಂತೆ ಬಿರುಕು, ಅದರ ನಡುವೆ ಸಾಸಿವೆಯಷ್ಟು ತೂತು, ಆ ತೂತಿನಲ್ಲಿ ಒಂದು ಮೂತಿ. ನಾನು ಚಿಪ್ಪು ಬಿಡಿಸಲು ಬೆರಳು ಚಾಚಿದೆ. ಅಮ್ಮ ಕೈಗೆ ಫಟ್ಟನೆ ಹೊಡೆದರು.

"ಎಳೀಬಾರದು. ಅದೇ ಬರ್ಬೇಕು. ನಿನಗೆ ಎಲ್ಲದಕ್ಕೂ ಅವಸರ."

ಗ್ಲ್ಯಾಡಿಸ್ ಬಾಯಿ ಕೈಗೆ ಹಿಟ್ಟು ಮೆತ್ತಿಕೊಂಡೇ ಇಳಿದು ಬಂದರು. ಸುಮತಿ ಗೋಡೆ ಹಿಡಿದು ನಿಂತಳು. ಅದು ಹೊರಬರಲು ಮರುದಿನದವರೆಗೂ ಸಮಯ ತೆಗೆದುಕೊಂಡಿತು. ಬಂದ ಮೇಲೆ, ಅಡಿಕೆಗಿಂತ ತುಸು ದೊಡ್ಡದಾದ ಆ ಜೀವ, ಮುದಿ ಮುಖ ಹೊತ್ತು, ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ಪರಿಶೀಲಿಸಿತು. ಅಂದು ತೆಗೆದ ಚಿತ್ರವೊಂದು ನನ್ನಲ್ಲಿದೆ. ನನ್ನ ಮಗಳು ತಾನು ಆ ಆಮೆಗಿಂತ ಹಿರಿಯಳೆಂದು ವಾದಿಸಿದಾಗಲೆಲ್ಲ ತೋರಿಸುತ್ತೇನೆ. ಮರಿಯನ್ನು ಹಿಡಿದು ನಿಂತ ಸುಮತಿಯ ತುಂಬಿದ ಹೊಟ್ಟೆ ಅದರಲ್ಲಿ ಕಣ್ಣಿಗೆ ಕಟ್ಟುವಂತಿದೆ.

ಆ ಚಿತ್ರದಲ್ಲಿ ಅಮ್ಮ ಇಲ್ಲ. ಅವರು ಉಳಿದ ಮೂರನ್ನು ಕಾಯುತ್ತ ಓವನ್ನಿನ ಎದುರೇ ಕುಳಿತಿದ್ದರು.

ಉಳಿದ ಮೂರು ಬರಲಿಲ್ಲ. ವಾರದ ಮೇಲೆ ಎರಡರ ಚಿಪ್ಪು ಬಣ್ಣಗೆಟ್ಟಿತು. ಮೂರನೆಯದರಿಂದ ವಾಸನೆ ಬಂತು. ಅವುಗಳನ್ನು ಅಂಗಳದಲ್ಲಿ ಹೂತುಬಂದೆ. ಒಂದು ಬದುಕಿತ್ತು, ಮೂರು ಹೋಗಿದ್ದವು. ಎರಡು ಪಕ್ಷದವರೂ ತಮ್ಮದೇ ಗೆಲುವೆಂದು ವಾದಿಸಬಹುದಾದ ಇಂಥ ಸಾಕ್ಷ್ಯ ಸಂಶೋಧಕನಿಗೆ ದುಃಸ್ವಪ್ನ. ಅಮ್ಮ ವಾದಿಸಲಿಲ್ಲ. ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟರು.

"ಮೂರು ಹೋಯ್ತಲ್ಲ ಮಗಾ" ಎಂದರು. "ನನಗೆ ಗೊತ್ತಿತ್ತು."

"ಒಂದು ಬಂತಲ್ಲ ಅಮ್ಮ."

"ಅದು ಹೇಗೋ ನನ್ನ ಕೈ ತಪ್ಪಿಸಿಕೊಂಡದ್ದು."

ಆ ಶುಕ್ರವಾರ ಗ್ಲ್ಯಾಡಿಸ್ ಬಾಯಿ ಇಗರ್ಜಿಯಿಂದ ಬಂದವರು ಸೀರೆಯನ್ನೂ ಬದಲಿಸದೆ ನೇರವಾಗಿ ನಮ್ಮ ಅಡಿಗೆಮನೆಗೆ ಬಂದು, ಅಮ್ಮನ ಎದುರು ನೆಲದ ಮೇಲೆ ಕುಳಿತರು. ನಾವು ಕಣ್ಣಿನಲ್ಲಿ ಮಾಡಿದ ಸನ್ನೆಗಳನ್ನೆಲ್ಲ ಅವರು ಕಂಡೂ ಕಾಣದಂತಿದ್ದರು.

"ಅಮ್ಮಾ, ಮೂರು ಹೋದದ್ದು ನನ್ನಿಂದ. ಆಮೆಯ ಮೊಟ್ಟೆಯನ್ನು ಮಗುಚಲೇ ಬಾರದಂತೆ. ನಾನು ಕೋಳಿದು ಹೇಳಿ ನಿಮ್ಮ ತಲೆ ಕೆಡಿಸಿದೆ. ಆಮೇಲೆ ನಿಲ್ಲಿಸ್ಲಿಕ್ಕೆ ಸುಳ್ಳು ಹೇಳಿದೆ. ಇವರಿಬ್ಬರೂ ನಿಮಗೆ ಬೇಜಾರಾಗ್ತದೆ ಅಂತ ಬಾಯಿ ಮುಚ್ಚಿ ಕೂತದ್ದು. ನನಗೆ ಇಗರ್ಜಿಯಲ್ಲಿ ಪೂಜೆಗೆ ಕೂತ್ರೂ ಮನಸ್ಸು ನಿಲ್ಲುವುದಿಲ್ಲ."

ಅಮ್ಮ ನನ್ನತ್ತ ತಿರುಗಿದರು. "ಹೌದಾ?"

ನಾನು ಪುಸ್ತಕ ತಂದು ಆ ಪುಟವನ್ನು ಅನುವಾದಿಸಿ ಓದಿದೆ. ಇನ್ನು ಎಲ್ಲವೂ ಮುಗಿಯಿತೆಂದೇ ನನಗೆ ಅನ್ನಿಸಿತು. ಅಮ್ಮ ಪೂರ್ತಿ ಕೇಳಿದರು. ಒಂದು ವಾಕ್ಯವನ್ನು ಎರಡನೆಯ ಸಲ ಓದಿಸಿದರು.

"ಹಾಗಾದ್ರೆ ಯಾರು ಮಗುಚಿದ್ರೂ ಹೋಗ್ತಿತ್ತಾ?"

"ಯಾರು ಮಗುಚಿದ್ರೂ ಅಮ್ಮ."

"ಮುತ್ತೈದೆ ಮಗುಚಿದ್ರೂ?"

"ಮುತ್ತೈದೆ ಮಗುಚಿದರೂ."

ಮರಿ ತನ್ನ ತಟ್ಟೆಯಲ್ಲಿ ಸೌತೆಕಾಯಿಯ ಚೂರೊಂದನ್ನು ಹತ್ತಲು ಹೆಣಗುತ್ತಿತ್ತು.

"ಅಂದ್ರೆ ಕೈ ಕೆಟ್ಟದ್ದಲ್ಲ" ಎಂದರು ಕೊನೆಗೆ, ತಮಗೆ ತಾವೇ ಹೇಳಿಕೊಳ್ಳುವಂತೆ. "ಗೊತ್ತಿಲ್ಲದ್ದು. ಅಷ್ಟೇ." ಬಳಿಕ ಗ್ಲ್ಯಾಡಿಸ್ ಬಾಯಿಯ ಕಡೆ ನೋಡಿ, "ಅಳ್ಬೇಡ ಮಾರಾಯ್ತಿ. ನಿನಗೆ ಕೋಳಿ ಗೊತ್ತು. ನನಗೆ ಅದೂ ಗೊತ್ತಿರ್ಲಿಲ್ಲ" ಎಂದರು. ಮೊಣಕಾಲಿನ ಮೇಲೆ ಕೈಯೂರಿ ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡರು. "ಮಗು ಮೀಯಿಸ್ಲಿಕ್ಕೆ ನನಗೆ ಗೊತ್ತುಂಟು. ಸುಮತಿ, ತೆಂಗಿನೆಣ್ಣೆ ಊರಿಂದ ತಂದದ್ದು ಎಲ್ಲಿಟ್ಟಿದ್ದಿ?"

ನಾವು ಮೂವರು ಎಚ್ಚರಿಕೆಯಿಂದ ಬಚ್ಚಿಟ್ಟ ಸತ್ಯವೇ ಅವರಿಗೆ ಬೇಕಾಗಿದ್ದ ಔಷಧವಾಗಿತ್ತು. ಸತ್ಯವನ್ನು ಹುಡುಕುವುದೇ ವೃತ್ತಿಯಾಗಿದ್ದ ನನಗೆ ಅದು ಹೊಳೆಯಲಿಲ್ಲ. ಒಂದು ಸುಳ್ಳಿನ ಭಾರ ಹೊರಲಾರದ ನೆರೆಮನೆಯ ಹೆಂಗಸಿಗೆ ಹೊಳೆಯಿತು. ಗ್ಲ್ಯಾಡಿಸ್ ಬಾಯಿಯ ಬಗ್ಗೆ ನನಗಿರುವ ಕೃತಜ್ಞತೆಗೆ ಮಿತಿಯಿಲ್ಲ. ಕೂರ್ಮ ಭಟ್ಟ ಮತ್ತು ಲಿಲ್ಲಿ ಬಾಯಿಗೂ ನಾನು ಋಣಿ. ಮುಂದಿನ ವರ್ಷಗಳಲ್ಲಿ ಅವರಿಗೆ ಇನ್ನೂ ಮಕ್ಕಳಾದವು. ಯಾವುದು ಯಾವಾಗ ಎಂಬ ವಿವರ ನನ್ನಲ್ಲಿದೆ, ಸುಮತಿ ಬೇಡವೆನ್ನುತ್ತಿದ್ದಾಳೆ. ನಾವು ಒಮಾನ್ ಬಿಟ್ಟಾಗ ಆ ಕುಟುಂಬವೆಲ್ಲ ಅಲ್ ಖೌದ್‌ನ ನನ್ನ ಸಹೋದ್ಯೋಗಿಯೊಬ್ಬರ ವಿಶಾಲವಾದ ಖರ್ಜೂರದ ತೋಟಕ್ಕೆ ಹೋಯಿತು.

ಆ ಮೇ ತಿಂಗಳ ಕೊನೆಗೆ ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಮನೆಗೆ ತಂದ ಮರುದಿನ ಬೆಳಿಗ್ಗೆ ಅಮ್ಮ ಬಚ್ಚಲಿನಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ ಕುಳಿತರು. ನೀರಿಗೆ ಮೊಣಕೈ ಅದ್ದಿ ಬಿಸಿ ನೋಡಿದರು, ಹೆಚ್ಚಾಯಿತೆಂದು ತಣ್ಣೀರು ಬೆರೆಸಿದರು, ಮತ್ತೆ ನೋಡಿದರು. ಸುಮತಿ ಬಾಗಿಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಳು. ನಾನು ಮಗುವನ್ನು ಕೊಟ್ಟೆ. ಅಮ್ಮನ ಕೈಗಳು ಗಾಳಿಯಲ್ಲಿ ಒಂದು ಕ್ಷಣ ನಿಂತವು, ಬಳಿಕ ಅವಳನ್ನು ತೆಗೆದುಕೊಂಡು ಕಾಲಿನ ಮೇಲೆ ಮಲಗಿಸಿಕೊಂಡವು. ಮಗು ಕಿರುಚಿ ಅತ್ತಿತು. ಅಮ್ಮನ ಕೈ ತಾಗಿದರೆ ಅಳು ನಿಲ್ಲುತ್ತದೆಂಬ ಊರಿನ ಮಾತಿಗೆ ಆಧಾರ ಸಾಲದೆಂದು ನಾನು ಇಲ್ಲಿ ದಾಖಲಿಸಬೇಕಾಗಿದೆ. ಅವಳು ಕೊನೆಯವರೆಗೂ ಅತ್ತಳು. ಅಮ್ಮ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎಣ್ಣೆ ತಿಕ್ಕಿದರು, ತೋಳು ನೀವಿದರು, ಮೂಗು ತೀಡಿದರು.

"ಅಳು, ಅಳು. ಎದೆ ಗಟ್ಟಿ ಆಗ್ಲಿ" ಎಂದರು. ಮತ್ತೆ ತಲೆಯೆತ್ತದೆ, ಬೋಗುಣಿಯ ಪಕ್ಕ ನಿಂತಿದ್ದ ಗ್ಲ್ಯಾಡಿಸ್ ಬಾಯಿಗೆ, "ಇನ್ನೊಂದು ಚೊಂಬು" ಎಂದರು.

ಗ್ಲ್ಯಾಡಿಸ್ ಬಾಯಿ ನೀರು ಸುರಿದರು.